ವೆಸ್ಟ್ ಆಕ್ಲೆಂಡ್: ಟ್ಯೂರಿನ್‌ನಲ್ಲಿ ಎರಡು ಸಲ ಕಪ್ ಗೆದ್ದು ಸಾಲದಲ್ಲಿ ಮುಳುಗಿದ ಗಣಿ ಊರಿನ ಕ್ಲಬ್

ಡರ್ಹಮ್ ಕನ್ನಡಿಗ:
ಇಂಗ್ಲೆಂಡ್ ಫುಟ್‌ಬಾಲ್ ಅಂದ ತಕ್ಷಣ ನಮ್ಮಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್, ಆರ್ಸೆನಲ್ ಅಷ್ಟಕ್ಕೇ ಮಾತು ನಿಂತುಬಿಡುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ. ನಾನಿರುವುದು ಇಂಗ್ಲೆಂಡಿನ ಈಶಾನ್ಯದ ಡರ್ಹಮ್ ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಇಲ್ಲಿ ವೆಸ್ಟ್ ಆಕ್ಲೆಂಡ್ ಅಂತ ಒಂದು ಊರಿದೆ. ನ್ಯೂಜಿಲೆಂಡ್‌ನ ಆಕ್ಲೆಂಡ್ ಅಲ್ಲ. ನಡುವೆ ಉದ್ದಕ್ಕೆ ಹಾಸಿದ ಹುಲ್ಲುಬಯಲು, ಅದರ ಸುತ್ತ ಮನೆಗಳು, ಪಕ್ಕದಲ್ಲಿ ಗಾನ್‌ಲೆಸ್ ಅನ್ನುವ ಸಣ್ಣ ಹೊಳೆ. ಊರು ಅಂದರೆ ಇಷ್ಟೇ.

ಈ ಊರಿನ ಕ್ಲಬ್ಬು 1909ರಲ್ಲಿ ಇಟಲಿಯ ಟ್ಯೂರಿನ್‌ಗೆ ಹೋಗಿ ಸರ್ ಥಾಮಸ್ ಲಿಪ್ಟನ್ ಟ್ರೋಫಿ ಗೆದ್ದಿತು. 1911ರಲ್ಲಿ ಮತ್ತೆ ಹೋಗಿ ಮತ್ತೆ ಗೆದ್ದಿತು. ಎರಡನೇ ಸಲ ಫೈನಲ್‌ನಲ್ಲಿ ಸೋಲಿಸಿದ್ದು ಯುವೆಂಟಸ್‌ ತಂಡವನ್ನು. ಅದೂ 6–1ರಲ್ಲಿ.

ಆಡಿದವರಲ್ಲಿ ಹೆಚ್ಚಿನವರು ಕಲ್ಲಿದ್ದಲು ಗಣಿಯ ಕೆಲಸಗಾರರು. ಸಂಬಳಕ್ಕೆ ಆಡುವವರಲ್ಲ. ವಾರವೆಲ್ಲ ಭೂಮಿಯೊಳಗೆ ದುಡಿದು ಶನಿವಾರ ಆಡುತ್ತಿದ್ದವರು. ಕ್ಲಬ್ಬು ಈ ಭಾಗದ ಊರುಗಳ ನಾರ್ದರ್ನ್ ಲೀಗ್‌ನಲ್ಲಿತ್ತು, ಅಲ್ಲೂ ಕೆಳಗಿನ ಸಾಲಿನಲ್ಲೇ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆ ಟೂರ್ನಿಗೆ ತಂಡ ಕಳಿಸಲು ಒಪ್ಪಲಿಲ್ಲ. ಕಪ್ ಕೊಟ್ಟ ಲಿಪ್ಟನ್ ಸಾಹೇಬರಿಗೆ ಬ್ರಿಟನ್ನಿನ ಒಂದು ಟೀಮ್ ಇಲ್ಲದೆ ಸಮಾಧಾನವಿಲ್ಲ. ಹೀಗೆ ವೆಸ್ಟ್ ಆಕ್ಲೆಂಡ್‌ಗೆ ಕರೆ ಬಂತು. ಯಾಕೆ ಇವರಿಗೇ ಬಂತು ಅನ್ನೋದು ಇವತ್ತಿಗೂ ಇಲ್ಲಿ ಜಗಳದ ವಿಷಯ. ಆ ಕತೆಗೆ ಆಮೇಲೆ ಬರೋಣ.

1909ರ ಸೆಮಿಫೈನಲ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟರ್ ಸ್ಪೋರ್ಟ್‌ಫ್ರೆಂಡ್ ವಿರುದ್ಧ 2–0. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಿಂಟರ್‌ಥರ್ ವಿರುದ್ಧ 2–0. 1911ರ ಸೆಮಿಫೈನಲ್‌ನಲ್ಲಿ ಜ್ಯೂರಿಕ್ ವಿರುದ್ಧ ಮತ್ತೆ 2–0. ಸತತ ಎರಡು ಸಲ ಗೆದ್ದಿದ್ದರಿಂದ ಕಪ್ಪು ಖಾಯಂ ಆಗಿ ಇವರದೇ ಆಯಿತು.

ಗೆದ್ದು ಬಂದ ಮರುವರ್ಷ, 1912ರಲ್ಲಿ, ಕ್ಲಬ್ಬು ಸಾಲ ತೀರಿಸಲಾಗದೆ ಲೀಗ್ ಬಿಟ್ಟು ಮುಚ್ಚಿಹೋಯಿತು. ಕಪ್ಪು ಅಡವು ಸೇರಿತು. ನನಗೆ ಗೆಲುವಿಗಿಂತ ಈ ಭಾಗವೇ ಮುಖ್ಯ ಅನ್ನಿಸುತ್ತದೆ. ನೀವೇನಂತೀರಿ?

ಕಡಕ್ ಚಾ:
ಲಿಪ್ಟನ್ ಅಂದರೆ ನಮ್ಮ ಅಂಗಡಿಯಲ್ಲಿ ಸಿಗೋ ಹಳದಿ ಪೊಟ್ಟಣದ ಲಿಪ್ಟನ್ನೇನಾ?

ಡರ್ಹಮ್ ಕನ್ನಡಿಗ:
ಹೌದು, ಅದೇ ಪುಣ್ಯಾತ್ಮ. ಗ್ಲಾಸ್ಗೋದ ಬಡ ಮನೆಯ ಹುಡುಗ, ಕಿರಾಣಿ ಅಂಗಡಿಗಳ ಸಾಲು ಕಟ್ಟಿ ಶ್ರೀಮಂತನಾದ. 1890ರಲ್ಲಿ ಸಿಲೋನಿಗೆ ಹೋಗಿ ಚಹಾ ತೋಟಗಳನ್ನು ಕೊಂಡ. ಬ್ರಾಂಡು ಬೆಳೆದದ್ದು ಅಲ್ಲಿಂದ. ಕಪ್ ಕೊಡೋದು ಅವನಿಗೆ ಒಂದು ಹುಚ್ಚು. 1905ರಿಂದ ಅರ್ಜೆಂಟೀನಾ ಮತ್ತು ಉರುಗ್ವೆ ಆಡುತ್ತಿದ್ದ ಲಿಪ್ಟನ್ ಕಪ್ ಕೂಡ ಇವನದೇ. ತಾನು ಮಾತ್ರ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯಲ್ಲಿ ಐದು ಸಲ ನಿಂತು ಐದೂ ಸಲ ಸೋತ. ಆ ಸೋಲಿನಿಂದಲೇ ಅಮೆರಿಕದಲ್ಲಿ ಜನಪ್ರಿಯನಾದ, ಚಹಾ ಇನ್ನೂ ಜಾಸ್ತಿ ಮಾರಾಟವಾಯಿತು. ಜಾಹೀರಾತು ಅಂದರೆ ಏನು ಅಂತ ಗೊತ್ತಿದ್ದ ಮನುಷ್ಯ.

ಅಂಕಿಅಂಶ ಮಾಮ:
ಒಳ್ಳೆ ಕತೆ. ಆದರೆ ಇದನ್ನ "ಮೊದಲ ವಿಶ್ವಕಪ್" ಅಂತ ಕರೆಯುವವರ ಜೊತೆ ನನ್ನ ತಕರಾರಿದೆ. ನೀವು ಆ ಮಾತು ಬಳಸಿಲ್ಲ ಸರ್, ಸಂತೋಷ. ಆದರೆ ಊರಿನವರು ಬಳಸುತ್ತಾರೆ, ಪತ್ರಿಕೆಗಳೂ ಬಳಸುತ್ತವೆ.

ಟ್ಯೂರಿನ್‌ನಲ್ಲೇ ಹಿಂದಿನ ವರ್ಷ, ಅಂದರೆ 1908ರಲ್ಲಿ, ಲಾ ಸ್ಟಾಂಪಾ ಸ್ಪೋರ್ಟಿವಾ ಪತ್ರಿಕೆ ನಡೆಸಿದ ಅಂತರರಾಷ್ಟ್ರೀಯ ಟೂರ್ನಿ ಆಗಿತ್ತು. ಗೆದ್ದವರು ಜಿನೀವಾದ ಸರ್ವೆಟ್. ಹಾಗಾಗಿ ಲಿಪ್ಟನ್ ಕಪ್ಪು ಆ ಊರಿಗೇ ಮೊದಲನೆಯದಲ್ಲ. ಇನ್ನೂ ಹಿಂದೆ ಹೋದರೆ 1888ರಲ್ಲಿ ಸ್ಕಾಟ್ಲೆಂಡಿನ ರೆಂಟನ್ ಅನ್ನುವ ಊರಿನ ಕ್ಲಬ್ಬು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ತಂಡವನ್ನು ಸೋಲಿಸಿ "ವಿಶ್ವ ಚಾಂಪಿಯನ್" ಅಂತ ತಾನೇ ಬೋರ್ಡು ಹಾಕಿಕೊಂಡಿತ್ತು.

ಇನ್ನು ಬಲಾಬಲ. 1908–09ರಲ್ಲಿ ಇಂಗ್ಲೆಂಡಿನ ಲೀಗ್ ಚಾಂಪಿಯನ್ ನ್ಯೂಕ್ಯಾಸಲ್ ಯುನೈಟೆಡ್. ವೆಸ್ಟ್ ಆಕ್ಲೆಂಡ್‌ನಿಂದ ಎಷ್ಟು ದೂರ? ರೈಲಿನಲ್ಲಿ ಒಂದು ಗಂಟೆಯ ಹಾದಿ. ಆ ಟೀಮು ಟ್ಯೂರಿನ್‌ಗೆ ಹೋಗಿದ್ದರೆ ಬೇರೆ ಮಾತು. 1911ರ ಯುವೆಂಟಸ್ ಕೂಡ ಇವತ್ತಿನ ಯುವೆಂಟಸ್ ಅಲ್ಲ. ಆಗ ಇಟಲಿಯಲ್ಲಿ ಪ್ರೊ ವರ್ಚೆಲಿ ಕ್ಲಬ್ಬಿನ ಕಾಲ, 1911ರ ಚಾಂಪಿಯನ್ ಅವರೇ. ನಾಲ್ಕು ಟೀಮು, ಎರಡು ದಿನದ ಆಟ. ವಿಶ್ವಕಪ್ ಅನ್ನೋದು ಸ್ವಲ್ಪ ಅತಿಯಾಯಿತು.

ಬಲಗಾಲಿನ ಭಟ್ಟ:
ಮಾಮ, ನೀವು ಎಲ್ಲದಕ್ಕೂ ಟೇಪು ಹಿಡಿದುಕೊಂಡೇ ಬರ್ತೀರಲ್ಲ. 1930ರ ಉರುಗ್ವೆ ವಿಶ್ವಕಪ್‌ಗೆ ಯುರೋಪಿನಿಂದ ಹೋದದ್ದು ನಾಲ್ಕೇ ದೇಶ: ಫ್ರಾನ್ಸ್, ಬೆಲ್ಜಿಯಂ, ರುಮೇನಿಯಾ, ಯುಗೊಸ್ಲಾವಿಯಾ. ಇಂಗ್ಲೆಂಡ್ ಇಲ್ಲ, ಇಟಲಿ ಇಲ್ಲ, ಜರ್ಮನಿ ಇಲ್ಲ. ಅದನ್ನ ವಿಶ್ವಕಪ್ ಅಂತ ಒಪ್ಪುವವರು ಇದಕ್ಕೆ ಮಾತ್ರ ಯಾಕೆ ಮೂಗು ಮುರಿಯಬೇಕು?

ಅಂಕಿಅಂಶ ಮಾಮ:
ಅದು ದೇಶ ದೇಶಗಳ ನಡುವೆ ಫಿಫಾ ನಡೆಸಿದ್ದು. ಇದು ಚಹಾ ವ್ಯಾಪಾರಿ ಕ್ಲಬ್ಬುಗಳಿಗೆ ಕೊಟ್ಟ ಕಪ್ಪು. ವ್ಯತ್ಯಾಸ ಅಷ್ಟೂ ಕಾಣಲ್ವಾ?

ಗೋಲ್‌ಕೀಪರ್ ಅಕ್ಕ:
ನೀವಿಬ್ಬರೂ ಸ್ವಲ್ಪ ತಡೀರಿ. ಹೆಸರು ಏನಾದರೂ ಇರಲಿ, 1909ರಲ್ಲಿ ಗಣಿ ಕೆಲಸಗಾರರು ಇಟಲಿಗೆ ಹೋಗೋದು ಅಂದರೆ ಏನು ಅನ್ನೋದು ಯೋಚಿಸಿ. ರಜೆಗೆ ಸಂಬಳವಿಲ್ಲದ ಕಾಲ. ಹೋಗೋ ಖರ್ಚಿಗೆ ಮನೆಯ ಸಾಮಾನು ಮಾರಿದರು, ಅಡವಿಟ್ಟರು ಅಂತ ಆ ಊರಲ್ಲಿ ಮಾತಿದೆಯಂತೆ. ಇಂಗ್ಲಿಷ್ ಕಾಲುವೆ ದಾಟಬೇಕು, ಫ್ರಾನ್ಸಿನ ಉದ್ದಕ್ಕೂ ರೈಲು, ಆಲ್ಪ್ಸ್ ದಾಟಿ ಟ್ಯೂರಿನ್. ಇಳಿದ ಮೇಲೆ ಒಂದರ ಹಿಂದೆ ಒಂದು ಎರಡು ಮ್ಯಾಚು.

ಇನ್ನೊಂದು ವಿಷಯ. ಫೈನಲ್ ಆದದ್ದು 1909ರ ಏಪ್ರಿಲ್ 12ಕ್ಕೆ. ಅದಕ್ಕೆ ಎರಡು ತಿಂಗಳ ಮುಂಚೆ, ಫೆಬ್ರವರಿ 16ಕ್ಕೆ, ಅದೇ ಡರ್ಹಮ್ ಕೌಂಟಿಯ ವೆಸ್ಟ್ ಸ್ಟಾನ್ಲಿ ಗಣಿಯಲ್ಲಿ ಸ್ಫೋಟವಾಗಿ 168 ಜನ ಸತ್ತಿದ್ದರು. ಗಂಡಸರ ಜೊತೆ ಹುಡುಗರೂ ಇದ್ದರು. ಈ ಆಟಗಾರರು ಇಳಿಯುತ್ತಿದ್ದದ್ದು ಅಂಥದೇ ಗಣಿಗಳಿಗೆ. ನ್ಯೂಕ್ಯಾಸಲ್ ಹೋಗಿದ್ದರೆ ಗೆಲ್ಲುತ್ತಿತ್ತೋ ಇಲ್ಲವೋ ನನಗೆ ಬೇಕಿಲ್ಲ. ಹೋದವರು ಇವರು.

ಡರ್ಹಮ್ ಕನ್ನಡಿಗ:
ಅಕ್ಕ, ವೆಸ್ಟ್ ಸ್ಟಾನ್ಲಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆ ಕತೆಯನ್ನು ಇಲ್ಲಿನವರು ಫುಟ್‌ಬಾಲ್ ಜೊತೆ ಸೇರಿಸಿ ಹೇಳೋದು ಕಮ್ಮಿ. ಆದರೆ ಎರಡೂ ಒಂದೇ ಜನರ ಕತೆ.

ಈಗ ಕರೆ ಬಂದ ವಿಷಯಕ್ಕೆ ಬರ್ತೀನಿ. ಪಬ್ಬುಗಳಲ್ಲಿ ಹೇಳೋ ಕತೆ ಹೀಗೆ: ಲಿಪ್ಟನ್ ಕಚೇರಿಯವರು ಕರೆಯಬೇಕು ಅಂದುಕೊಂಡದ್ದು ವುಲ್‌ವಿಚ್ ಆರ್ಸೆನಲ್‌ ತಂಡವನ್ನು. ಅಂದರೆ ಇವತ್ತಿನ ಆರ್ಸೆನಲ್. ಪತ್ರದಲ್ಲಿ ಬರೀ ಡಬ್ಲ್ಯೂ, ಎ ಅಂತ ಎರಡಕ್ಷರ ಇತ್ತು. ಅದು ತಪ್ಪಿ ವೆಸ್ಟ್ ಆಕ್ಲೆಂಡ್‌ಗೆ ಬಂತು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ. ಇನ್ನೊಂದು ಕತೆಯ ಪ್ರಕಾರ ಲಿಪ್ಟನ್ ಕಂಪನಿಯ ಒಬ್ಬ ನೌಕರ ನಾರ್ದರ್ನ್ ಲೀಗ್‌ನಲ್ಲಿ ರೆಫರಿ ಆಗಿದ್ದ, ಅವನೇ ಹೆಸರು ಸೂಚಿಸಿದ.

ಅಂಕಿಅಂಶ ಮಾಮ:
ಎರಡಕ್ಷರದ ಕತೆಗೆ ಕಾಗದಪತ್ರದ ಪುರಾವೆ ಒಂದೂ ಇಲ್ಲ. ವುಲ್‌ವಿಚ್ ಆರ್ಸೆನಲ್ ಆಗ ಫಸ್ಟ್ ಡಿವಿಜನ್‌ನಲ್ಲಿ ಆಡುತ್ತಿದ್ದ ಸಂಬಳದ ಟೀಮು. ಏಪ್ರಿಲ್ ಅಂದರೆ ಲೀಗ್‌ನ ಕೊನೆಯ ಹಂತ, ಈಸ್ಟರ್ ವಾರದ ಮ್ಯಾಚುಗಳು. ಅವರು ಅದನ್ನೆಲ್ಲ ಬಿಟ್ಟು ಇಟಲಿಗೆ ಹೋಗುತ್ತಿದ್ದರೇ? ಫುಟ್‌ಬಾಲ್ ಸಂಸ್ಥೆ ಬಿಡುತ್ತಿತ್ತೇ? ಹವ್ಯಾಸಿ ಕ್ಲಬ್ಬೇ ಬೇಕಿತ್ತು, ಬರಲು ಒಪ್ಪುವವರು ಬೇಕಿತ್ತು. ಪರಿಚಯದವರೊಬ್ಬರ ಮೂಲಕ ಆಯಿತು ಅನ್ನೋದು ಹೆಚ್ಚು ನಂಬುವ ಹಾಗಿದೆ. ಆದರೆ ಅದರಲ್ಲಿ ಮಜಾ ಇಲ್ಲ, ಅದಕ್ಕೇ ಯಾರೂ ಹೇಳಲ್ಲ.

ಬಲಗಾಲಿನ ಭಟ್ಟ:
ಇದಕ್ಕೆ ಮಾತ್ರ ಮಾಮನ ಪಕ್ಷ. ಪತ್ರ ತಪ್ಪಿ ಬಂತು ಅಂದರೆ ಗೆದ್ದವರಿಗೆ ಅವಮಾನ ಮಾಡಿದ ಹಾಗೆ. ಮೊದಲ ಸಲ ತಪ್ಪಿ ಕರೆದರು ಅಂತಲೇ ಇಟ್ಟುಕೊಳ್ಳಿ. 1911ರಲ್ಲಿ ಕರೆದದ್ದು ಯಾರನ್ನ? ಕಪ್ ಉಳಿಸಿಕೊಳ್ಳೋಕೆ ಬನ್ನಿ ಅಂತ ಹಾಲಿ ಚಾಂಪಿಯನ್‌ರನ್ನೇ ತಾನೇ?

ಬಾರ್ಸಾ ಭಕ್ತ:
ತಡವಾಗಿ ಬಂದೆ, ಆದರೆ ನನ್ನ ಹತ್ತಿರ ಒಂದು ಒಳ್ಳೆ ಎಲೆ ಇದೆ. 1909ರ ಆ ಟೀಮಿನಲ್ಲಿ ಪಕ್ಕದ ಕ್ರೂಕ್ ಟೌನ್ ಕ್ಲಬ್ಬಿನಿಂದ ಅತಿಥಿಯಾಗಿ ಆಡೋಕೆ ಹೋದವನು ಜಾಕ್ ಗ್ರೀನ್‌ವೆಲ್. ಕ್ರೂಕ್ ಹತ್ತಿರದ ಗಣಿ ಹಳ್ಳಿಯಲ್ಲಿ ಹುಟ್ಟಿದವನು, ತಾನೂ ಗಣಿಗೆ ಇಳಿದವನು.

ಅವನು 1912ರಲ್ಲಿ ಬಾರ್ಸಿಲೋನಾಗೆ ಆಡೋಕೆ ಹೋದ. 1917ರಲ್ಲಿ ಅಲ್ಲೇ ಕೋಚ್ ಆದ. ಜಮೋರಾ, ಸಾಮಿತಿಯೆರ್, ಅಲ್ಕಾಂತರಾ, ಆ ಕಾಲದ ದೊಡ್ಡ ಆಟಗಾರರು, ಇವರೆಲ್ಲ ಅವನ ಕೈಕೆಳಗೆ ಆಡಿದವರು. ಬಾರ್ಸಿಲೋನಾದ ಮೊದಲ ಸುವರ್ಣಕಾಲ ಅಂತ ಕರೆಯೋದು ಆ ವರ್ಷಗಳನ್ನೇ. ಅಲ್ಲಿ ಬಿಡದೆ ಅಷ್ಟು ದೀರ್ಘಕಾಲ ಕೋಚ್ ಆಗಿದ್ದವನು ಯೋಹಾನ್ ಕ್ರೈಫ್ ಬರೋವರೆಗೆ ಇನ್ನೊಬ್ಬನಿರಲಿಲ್ಲ. ಆಮೇಲೆ 1929ರಲ್ಲಿ ಎಸ್ಪಾನ್ಯೊಲ್‌ಗೆ ಸ್ಪೇನಿನ ಕಪ್ ಗೆಲ್ಲಿಸಿಕೊಟ್ಟ. ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾದ ಮೇಲೆ ಅಲ್ಲಿಂದ ಹೊರಟು ದಕ್ಷಿಣ ಅಮೆರಿಕ ಸೇರಿದ. 1939ರಲ್ಲಿ ಪೆರು ತಂಡ ಮೊದಲ ಸಲ ದಕ್ಷಿಣ ಅಮೆರಿಕದ ಚಾಂಪಿಯನ್ ಆದಾಗ ಕೋಚ್ ಇವನೇ. 1942ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ತೀರಿಕೊಂಡ.

ಡರ್ಹಮ್ ಗಣಿಯಿಂದ ಬೊಗೊಟಾವರೆಗೆ. ನಮ್ಮ ಕಾಲದ ಕೋಚ್‌ಗಳಿಗೆ ಸಿಗೋ ಪ್ರಚಾರದ ನೂರರಲ್ಲಿ ಒಂದು ಪಾಲೂ ಈ ಮನುಷ್ಯನಿಗೆ ಸಿಕ್ಕಿಲ್ಲ.

ಡರ್ಹಮ್ ಕನ್ನಡಿಗ:
ಸೂಪರ್. ಕ್ರೂಕ್ ಕಡೆಯವರಿಗೆ ಈ ಹೆಸರು ಹೇಳಿದರೆ ಎದೆ ಉಬ್ಬುತ್ತದೆ. ಅವನಿಂದಲೇ ಕ್ರೂಕ್ ಟೌನ್ ಬಾರ್ಸಿಲೋನಾಕ್ಕೆ ಹೋಗಿ ಅವರ ಜೊತೆ ಆಡಿ ಬಂದದ್ದು.

ಕಡಕ್ ಚಾ:
ನನಗೆ ಕಪ್ ಅಡವು ಸೇರಿದ ಕತೆ ಬೇಕು. ಅದನ್ನ ಅರ್ಧಕ್ಕೆ ಬಿಟ್ಟಿದ್ದೀರಿ.

ಡರ್ಹಮ್ ಕನ್ನಡಿಗ:
ಅದೇ ಬರೆಯೋಕೆ ಹೊರಟಿದ್ದೆ.

ಎರಡು ಸಲದ ಇಟಲಿ ಪ್ರವಾಸದ ಖರ್ಚು ಕ್ಲಬ್ಬಿನ ಬೆನ್ನು ಮುರಿಯಿತು. ಕಪ್ಪು ಬಂತು, ಹಣದ ಬಹುಮಾನ ಬರಲಿಲ್ಲ. ಕೊನೆಗೆ ಊರಿನ ವೀಟ್‌ಶೀಫ್ ಹೋಟೆಲಿನ ಒಡತಿ 40 ಪೌಂಡ್ ಸಾಲ ಕೊಟ್ಟರು. ಕ್ಲಬ್ಬಿನ ಹತ್ತಿರ ಅಡವಿಡಲು ಬೇರೇನೂ ಇರಲಿಲ್ಲ, ಕಪ್ಪನ್ನೇ ಕೊಟ್ಟರು. ಆ ಕಾಲಕ್ಕೆ 40 ಪೌಂಡ್ ಅಂದರೆ ಗಣಿ ಕೆಲಸಗಾರನ ಹಲವು ತಿಂಗಳ ದುಡಿಮೆ. 1912ರಲ್ಲಿ ಇಡೀ ಬ್ರಿಟನ್ನಿನ ಗಣಿಗಳಲ್ಲಿ ಕನಿಷ್ಠ ಕೂಲಿಗಾಗಿ ಮುಷ್ಕರವೂ ನಡೆಯಿತು. ಮನೆಯ ಒಲೆಗೇ ದುಡ್ಡಿಲ್ಲದಾಗ ಕ್ಲಬ್ಬಿಗೆ ಚಂದಾ ಎತ್ತೋದು ಎಲ್ಲಿಂದ?

ಸಾಲ ತೀರಲಿಲ್ಲ. ಕ್ಲಬ್ಬು ಮುಚ್ಚಿತು. 1914ರಲ್ಲಿ ಬೇರೆ ಹೆಸರಲ್ಲಿ ಮತ್ತೆ ಹುಟ್ಟಿತು, ಆಮೇಲೆ ವೆಸ್ಟ್ ಆಕ್ಲೆಂಡ್ ಟೌನ್ ಆಯಿತು. ನಾರ್ದರ್ನ್ ಲೀಗ್‌ಗೆ ಮರಳಿ ಬಂದದ್ದು 1934ರಲ್ಲಿ. ಅಷ್ಟರಲ್ಲಿ ಹೋಟೆಲಿನ ಒಡತಿ ಲಿವರ್‌ಪೂಲ್‌ಗೆ ಹೋಗಿ ನೆಲೆಸಿದ್ದರು, ಕಪ್ಪೂ ಅವರ ಜೊತೆ ಹೋಗಿತ್ತು. ಎರಡು ಮಹಾಯುದ್ಧ ಮುಗಿದರೂ ಅದು ಆ ಮನೆಯಲ್ಲೇ ಇತ್ತು. 1960ರಲ್ಲಿ ಊರಿನವರು ಅವರನ್ನು ಹುಡುಕಿ 100 ಪೌಂಡ್ ಕೊಟ್ಟು ಬಿಡಿಸಿಕೊಂಡು ಬಂದರು.

ಬಲಗಾಲಿನ ಭಟ್ಟ:
40 ಕೊಟ್ಟು 100 ತಗೊಂಡರಾ? ಊರಿನ ಮರ್ಯಾದೆಯನ್ನ ಅಡವಿಟ್ಟುಕೊಂಡು ಲಾಭ ಮಾಡಿದ ಹಾಗಾಯಿತಲ್ಲ.

ಗೋಲ್‌ಕೀಪರ್ ಅಕ್ಕ:
ಭಟ್ಟರೇ, ಲೆಕ್ಕ ಹಾಕಿ ಮಾತಾಡಿ. 1912ರಿಂದ 1960 ಅಂದರೆ 48 ವರ್ಷ. 40 ಪೌಂಡಿಗೆ ವರ್ಷಕ್ಕೆ ನೂರಕ್ಕೆ 3ರ ಸರಳ ಬಡ್ಡಿ ಹಾಕಿದರೂ 57 ಪೌಂಡ್ ಚಿಲ್ಲರೆ ಬರೀ ಬಡ್ಡಿಯೇ ಆಗುತ್ತದೆ. ಅಸಲು ಸೇರಿ 97ರ ಮೇಲೆ. ಅಂದರೆ ಆಕೆ ತಗೊಂಡ 100 ಅಸಲು ಮತ್ತು ಸಣ್ಣ ಬಡ್ಡಿ ಸೇರಿದಷ್ಟೇ. ನಡುವೆ ಎರಡು ಯುದ್ಧದಲ್ಲಿ ಬೆಲೆಗಳು ಏರಿದ್ದು ಸೇರಿಸಿದರೆ ನಷ್ಟವೇ.

ಇನ್ನೊಂದು. ಟೀಮಿಗೆ ಜೈಕಾರ ಹಾಕಿದವರು ಬಹಳ ಜನ ಇದ್ದಿರಬೇಕು. ದುಡ್ಡು ಬಿಚ್ಚಿದ್ದು ಒಬ್ಬ ಹೆಂಗಸು. ಬೇಕಾಗಿದ್ದರೆ ಆ ಬೆಳ್ಳಿಯನ್ನ ಯಾವತ್ತೋ ಮಾರಿಬಿಡಬಹುದಿತ್ತು. ಮಾರಲಿಲ್ಲ. ಕಪ್ಪು ಕ್ಲಬ್ಬಿನ ಕೈಯಲ್ಲೇ ಉಳಿದಿದ್ದರೆ ಮುಚ್ಚಿದ ದಿನವೇ ಬೇರೆ ಸಾಲಗಾರರ ಪಾಲಾಗುತ್ತಿತ್ತು ಅಂತ ನನ್ನ ಅನಿಸಿಕೆ. ಊರಿಗೆ ಕಪ್ಪು ಉಳಿದದ್ದೇ ಈ ಸಾಲದಿಂದ.

ಡರ್ಹಮ್ ಕನ್ನಡಿಗ:
ಈ ಲೆಕ್ಕವನ್ನ ಇಲ್ಲಿನವರಿಗೆ ತೋರಿಸಬೇಕು. ನೂರು ಪೌಂಡಿನ ಬಗ್ಗೆ ಗೊಣಗುವವರು ಇಲ್ಲೂ ಇದ್ದಾರೆ.

ರಾಬರ್ಟ್‌ಸನ್‌ಪೇಟೆ ರೈಟ್ ವಿಂಗ್:
ನಾನು ಕೆಜಿಎಫ್‌ನವನು. ಗಣಿ ಊರಿನ ಆಟದ ವಿಷಯ ಓದಿ ಸುಮ್ನೆ ಇರೋಕೆ ಆಗಲಿಲ್ಲ. ನಮ್ಮ ತಂದೆ ಶಿಫ್ಟ್ ಮುಗಿಸಿ ಬಂದು, ಮುಖ ತೊಳೆದು, ನೇರ ಮೈದಾನಕ್ಕೆ ಹೋಗುತ್ತಿದ್ದರು. ಸೈರನ್ ಕೂಗಿದರೆ ಆಟ ಅರ್ಧಕ್ಕೆ ನಿಲ್ಲುತ್ತಿತ್ತು. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಲೈನಿನ ಹುಡುಗರೆಲ್ಲ ಬೆಂಗಳೂರು ರೈಲು ಹತ್ತಿದರು, ಹನ್ನೊಂದು ಜನ ಸೇರೋದೇ ಕಷ್ಟವಾಯಿತು. ಡರ್ಹಮ್‌ನಲ್ಲಿ ಗಣಿ ಎಲ್ಲ ಮುಚ್ಚಿದ ಮೇಲೂ ಕ್ಲಬ್ಬು ಹೇಗೆ ಉಳಿದಿದೆ? ಅದನ್ನ ಹೇಳಿ.

ಡರ್ಹಮ್ ಕನ್ನಡಿಗ:
ಅಣ್ಣ, ಒಳ್ಳೆ ಪ್ರಶ್ನೆ. ಡರ್ಹಮ್ ಕಲ್ಲಿದ್ದಲು ಪ್ರದೇಶದಲ್ಲಿ ನೆಲದೊಳಗೆ ಇಳಿಯುವ ಕೊನೆಯ ಆಳದ ಗಣಿ, ಸಂಡರ್‌ಲೆಂಡ್‌ನ ವೇರ್‌ಮೌತ್, 1993ರಲ್ಲಿ ನಿಂತಿತು. ಕ್ಲಬ್ಬುಗಳು ಉಳಿದದ್ದಕ್ಕೆ ನನಗೆ ಕಾಣೋ ಮುಖ್ಯ ಕಾರಣ ಲೀಗು. ನಾರ್ದರ್ನ್ ಲೀಗ್ ಶುರುವಾದದ್ದು 1889ರಲ್ಲಿ. ಫುಟ್‌ಬಾಲ್ ಲೀಗ್ ಅನ್ನುವ ಇಂಗ್ಲೆಂಡಿನ ವೃತ್ತಿಪರ ಕ್ಲಬ್ಬುಗಳ ಲೀಗೊಂದನ್ನು ಬಿಟ್ಟರೆ ಇನ್ನೂ ನಡೆಯುತ್ತಿರುವ ಲೀಗುಗಳಲ್ಲಿ ಜಗತ್ತಿಗೇ ಹಳೆಯದು. ಎದುರಾಳಿಗಳು ಅಕ್ಕಪಕ್ಕದ ಊರಿನವರು. ಪ್ರಯಾಣದ ಖರ್ಚು ಕಮ್ಮಿ, ಹಳೇ ಜಿದ್ದು ಜಾಸ್ತಿ.

ಹೊಸಬರಿಗೆ ಹೇಳಿಬಿಡ್ತೀನಿ. ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಮೂರು ಡಿವಿಜನ್ ಸೇರಿ 92 ಕ್ಲಬ್. ಅದರಿಂದ ಕೆಳಗಿರೋದೆಲ್ಲ ನಾನ್-ಲೀಗ್. ಮೊದಲು ಕೆಳಗಿನವರು ಮೇಲೆ ಬರಬೇಕಾದರೆ ಮೇಲಿನವರು ಮತ ಹಾಕಿ ಒಪ್ಪಬೇಕಿತ್ತು. 1987ರಲ್ಲಿ ಸ್ಕಾರ್ಬರೋ ಮೊದಲ ಸಲ ಆಟದ ಬಲದಿಂದಲೇ ನೇರ ಬಡ್ತಿ ಪಡೆಯಿತು. ನಾರ್ದರ್ನ್ ಲೀಗ್‌ನ ಮೊದಲ ಡಿವಿಜನ್ ಇರೋದು ಒಂಬತ್ತನೇ ಮೆಟ್ಟಿಲಲ್ಲಿ.

ಅಲ್ಲಿನ ಮ್ಯಾಚು ಹೇಗಿರುತ್ತದೆ ಗೊತ್ತಾ? ಗೇಟಿನಲ್ಲಿ ಒಬ್ಬ ಅಜ್ಜ ದುಡ್ಡು ತಗೊಂಡು ಟಿಕೆಟ್ ಕೊಡುತ್ತಾನೆ. ಅವನ ಪಕ್ಕದಲ್ಲೇ ಒಬ್ಬಾಕೆ ಸ್ಟೇಪಲ್ ಹೊಡೆದು ಮುಚ್ಚಿದ ಸಣ್ಣ ಚೀಟಿಗಳ ಡಬ್ಬಿ ಹಿಡಿದು ನಿಂತಿರುತ್ತಾಳೆ. ಒಂದು ಕೊಂಡು ಬಿಚ್ಚಿದರೆ ಒಳಗೆ ಒಂದು ನಿಮಿಷದ ಸಂಖ್ಯೆ. 37 ಅಂತ ಬಂತು ಅಂದುಕೊಳ್ಳಿ, ಮೊದಲ ಗೋಲು 37ನೇ ನಿಮಿಷಕ್ಕೆ ಬಿದ್ದರೆ ಬಹುಮಾನ ನಿಮ್ಮದು. ಉಳಿದ ದುಡ್ಡು ಕ್ಲಬ್ಬಿಗೆ. ನನ್ನ ಚೀಟಿಯ ನಿಮಿಷ ಹತ್ತಿರ ಬರುತ್ತಿದ್ದ ಹಾಗೆ ಎದುರು ಟೀಮಿನ ಗೋಲಿಗೂ ನಾನು ಹಾರೈಸಿದ್ದುಂಟು. ಮೈದಾನದ ಸುತ್ತ ಬರೀ ಒಂದು ಕಬ್ಬಿಣದ ಕಂಬಿ. ಅದಕ್ಕೆ ಒರಗಿ ನಿಂತರೆ ಆಟಗಾರರು ಬೈದಾಡೋದು, ರೆಫರಿ ಗದರಿಸೋದು ಎಲ್ಲ ಕೇಳುತ್ತದೆ. ಚೆಂಡು ಬೇಲಿ ದಾಟಿದರೆ ಬದಲಿ ಆಟಗಾರನೇ ಓಡಿಹೋಗಿ ತರಬೇಕು. ಹುಲ್ಲು ಕತ್ತರಿಸೋದು, ಗೆರೆ ಹೊಡೆಯೋದು, ಚಹಾ ಕಾಯಿಸೋದು ಎಲ್ಲ ಸಂಬಳವಿಲ್ಲದ ಊರಿನ ಜನ. ಆ ಐದಾರು ಜನ ಕೈಬಿಟ್ಟರೆ ಕ್ಲಬ್ಬು ಮುಗೀತು.

ಅಂಕಿಅಂಶ ಮಾಮ:
ಸಂಬಳವಿಲ್ಲದವರು ಅಂದಿರಿ. ಹವ್ಯಾಸಿ ಆಟದ ಇನ್ನೊಂದು ಮುಖವನ್ನೂ ಹೇಳಬೇಕು. ಆ ಕಾಲದಲ್ಲಿ ಮ್ಯಾಚು ಮುಗಿದ ಮೇಲೆ ಒಳ್ಳೆ ಆಟಗಾರನ ಬೂಟಿನೊಳಗೆ ನೋಟು ಸಿಗುತ್ತಿತ್ತು. ಯಾರು ಇಟ್ಟರು ಅಂತ ಯಾರಿಗೂ ಗೊತ್ತಿಲ್ಲ! 1928ರಲ್ಲಿ ಈ ವಿಷಯ ಡರ್ಹಮ್‌ನಲ್ಲಿ ಸ್ಫೋಟವಾಯಿತು. ಕ್ರೂಕ್ ಟೌನ್‌ ಕ್ಲಬ್ಬನ್ನು ಹೊರಹಾಕಿದರು, ಕೌಂಟಿಯ ನೂರಾರು ಆಟಗಾರರು ಅಮಾನತಾದರು. ಎಲ್ಲರೂ ಮಾಡುತ್ತಿದ್ದರು, ಸಿಕ್ಕಿಬಿದ್ದವರು ಮಾತ್ರ ಕಳ್ಳರಾದರು. 1974ರಲ್ಲಿ ಫುಟ್‌ಬಾಲ್ ಸಂಸ್ಥೆ ಹವ್ಯಾಸಿ, ವೃತ್ತಿಪರ ಅನ್ನೋ ಭೇದವನ್ನೇ ತೆಗೆದುಹಾಕಿತು. ಎಲ್ಲರೂ ಬರೀ ಆಟಗಾರರು. ಅಲ್ಲಿಗೆ ಹವ್ಯಾಸಿ ಕ್ಲಬ್ಬುಗಳಿಗಾಗಿ ಇದ್ದ ಅಮೆಚೂರ್ ಕಪ್ ಕೂಡ ಮುಗಿಯಿತು.

ಬಲಗಾಲಿನ ಭಟ್ಟ:
ಆ ಅಮೆಚೂರ್ ಕಪ್‌ಗೆ ಎಷ್ಟು ಜನ ಸೇರುತ್ತಿದ್ದರು ಗೊತ್ತಾ? 1954ರ ಫೈನಲ್, ಕ್ರೂಕ್ ಟೌನ್ ಮತ್ತು ಬಿಷಪ್ ಆಕ್ಲೆಂಡ್. ಎರಡೂ ಒಂದೇ ಕೌಂಟಿಯ ಅಕ್ಕಪಕ್ಕದ ಊರು. ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಒಂದು ಲಕ್ಷ ಜನ. 2–2. ನ್ಯೂಕ್ಯಾಸಲ್‌ನಲ್ಲಿ ಮರುಪಂದ್ಯ, ಮತ್ತೆ 2–2. ಮಿಡಲ್ಸ್‌ಬರೋದಲ್ಲಿ ಮೂರನೇ ಆಟ, ಕ್ರೂಕ್ 1–0. ಸಂಬಳವಿಲ್ಲದವರ ಆಟ ಅದು.

ಡರ್ಹಮ್ ಕನ್ನಡಿಗ:
ಬಿಷಪ್ ಆಕ್ಲೆಂಡ್ ಹೆಸರು ಬಂದ ಮೇಲೆ ವೆಸ್ಟ್‌ನವರ ಹೊಟ್ಟೆಕಿಚ್ಚನ್ನೂ ಹೇಳಬೇಕಾಗುತ್ತದೆ. ನಾಲ್ಕೈದು ಕಿಲೋಮೀಟರ್ ದೂರದ ಪಕ್ಕದ ಊರು ಅಮೆಚೂರ್ ಕಪ್ ಗೆದ್ದದ್ದು 10 ಸಲ. 1955ರಿಂದ 57ರವರೆಗೆ ಸತತ ಮೂರು. 1958ರಲ್ಲಿ ಮ್ಯೂನಿಕ್ ವಿಮಾನ ಅಪಘಾತದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅರ್ಧ ಟೀಮನ್ನೇ ಕಳೆದುಕೊಂಡಾಗ ಬಿಷಪ್ ಆಕ್ಲೆಂಡ್ ಕಡೆಯಿಂದ ಬಾಬ್ ಹಾರ್ಡಿಸ್ಟಿ, ಡೆರೆಕ್ ಲೆವಿನ್, ವಾರನ್ ಬ್ರಾಡ್ಲಿ ನೆರವಿಗೆ ಹೋದರು. ಬ್ರಾಡ್ಲಿ ಅಲ್ಲೇ ಉಳಿದು ಮುಂದಿನ ವರ್ಷ ಇಂಗ್ಲೆಂಡಿಗೂ ಆಡಿದ.

ವೆಸ್ಟ್ ಆಕ್ಲೆಂಡ್‌ದು ಬೇರೆ ಹಣೆಬರಹ. 1960 ಮತ್ತು 1961ರಲ್ಲಿ ನಾರ್ದರ್ನ್ ಲೀಗ್ ಚಾಂಪಿಯನ್. ಕಪ್ಪು ಲಿವರ್‌ಪೂಲ್‌ನಿಂದ ಮರಳಿ ಬಂದದ್ದೂ ಆಗಲೇ. 1961ರಲ್ಲಿ ಅಮೆಚೂರ್ ಕಪ್ ಫೈನಲ್‌ಗೆ ವೆಂಬ್ಲಿಗೆ ಹೋದರು. ವಾಲ್ಥಮ್‌ಸ್ಟೋ ಅವೆನ್ಯೂ ವಿರುದ್ಧ 2–1ರಲ್ಲಿ ಸೋತರು.

ಮತ್ತೆ ವೆಂಬ್ಲಿ ಕಂಡದ್ದು 2012ರಲ್ಲಿ, ಕೆಳಗಿನ ಮೆಟ್ಟಿಲಿನ ನಾನ್-ಲೀಗ್ ಕ್ಲಬ್ಬುಗಳ ಕಪ್ ಆದ ಎಫ್‌ಎ ವಾಸ್ ಫೈನಲ್‌ಗೆ. ನಾರ್ದರ್ನ್ ಲೀಗ್‌ನ ಡನ್‌ಸ್ಟನ್ ವಿರುದ್ಧ 2–0 ಸೋಲು. 2014ರಲ್ಲಿ ಮತ್ತೆ ಫೈನಲ್, ದಕ್ಷಿಣದ ಶೋಲಿಂಗ್ ವಿರುದ್ಧ 1–0 ಸೋಲು.

ಅಂಕಿಅಂಶ ಮಾಮ:
ಇದರಲ್ಲಿ ಇನ್ನೂ ಕ್ರೂರವಾದ ಅಂಕಿ ಇದೆ. ವಾಸ್ ಗೆದ್ದವರ ಪಟ್ಟಿ ನೋಡಿ. 2009, 10, 11 ವಿಟ್ಲಿ ಬೇ. 2012 ಡನ್‌ಸ್ಟನ್. 2013 ಸ್ಪೆನಿಮೂರ್. 2015 ನಾರ್ತ್ ಶೀಲ್ಡ್ಸ್. 2016 ಮಾರ್ಪೆತ್. 2017 ಸೌತ್ ಶೀಲ್ಡ್ಸ್. ಎಲ್ಲವೂ ನಾರ್ದರ್ನ್ ಲೀಗ್ ಕ್ಲಬ್ಬುಗಳು. ಒಂಬತ್ತು ವರ್ಷದಲ್ಲಿ ಆ ಲೀಗಿಗೆ ವಾಸ್ ತಪ್ಪಿದ್ದು 2014ರಲ್ಲಿ ಮಾತ್ರ. ಆ ವರ್ಷ ಫೈನಲ್ ಆಡಿದವರು ವೆಸ್ಟ್ ಆಕ್ಲೆಂಡ್.

ಬಲಗಾಲಿನ ಭಟ್ಟ:
ಅಯ್ಯೋ ಪಾಪ. ಟ್ಯೂರಿನ್‌ನಲ್ಲಿ ಎರಡಕ್ಕೆ ಎರಡು, ವೆಂಬ್ಲಿಯಲ್ಲಿ ಮೂರಕ್ಕೆ ಸೊನ್ನೆ.

ಕಡಕ್ ಚಾ:
ಆ ಕಪ್ಪು ಈಗ ಎಲ್ಲಿದೆ? ನೋಡಬಹುದಾ?

ಡರ್ಹಮ್ ಕನ್ನಡಿಗ:
ಅಸಲಿ ಕಪ್ಪು ಇಲ್ಲ. 1994ರ ಜನವರಿಯಲ್ಲಿ ಊರಿನ ವರ್ಕಿಂಗ್ ಮೆನ್ಸ್ ಕ್ಲಬ್‌ನಿಂದ ಕಳ್ಳತನವಾಯಿತು. ಇವತ್ತಿನವರೆಗೂ ಸಿಕ್ಕಿಲ್ಲ. ಈಗಿರೋದು ಆಮೇಲೆ ಮಾಡಿಸಿದ ನಕಲು. ಊರಿನ ಹುಲ್ಲುಬಯಲಲ್ಲಿ ಈ ಗೆಲುವಿನ ನೆನಪಿಗೆ ಒಂದು ಕಂಚಿನ ಪ್ರತಿಮೆಯೂ ಇದೆ. 1982ರಲ್ಲಿ ಇದರ ಮೇಲೆ ಟಿವಿ ಚಿತ್ರ ಬಂದಿತ್ತು. ಈಗಿನವರ ಬಾಯಲ್ಲಿರೋ ಕತೆಯಲ್ಲಿ ಎಷ್ಟು ಚಿತ್ರದ್ದು, ಎಷ್ಟು ಅಜ್ಜಂದಿರದ್ದು ಅಂತ ಬಿಡಿಸೋದು ಕಷ್ಟ.

ರಾಬರ್ಟ್‌ಸನ್‌ಪೇಟೆ ರೈಟ್ ವಿಂಗ್:
ಕದ್ದವನು ಕರಗಿಸಿರುತ್ತಾನೆ ಬಿಡಿ. ಅಷ್ಟು ಗುರುತು ಇರೋ ವಸ್ತುವನ್ನ ಯಾರಿಗೆ ಮಾರ್ತಾನೆ?

ಗೋಲ್‌ಕೀಪರ್ ಅಕ್ಕ:
48 ವರ್ಷ ಒಬ್ಬ ಹೆಂಗಸಿನ ಮನೆಯಲ್ಲಿ ಜೋಪಾನವಾಗಿತ್ತು. ಊರಿಗೆ ಬಂದು 34 ವರ್ಷಕ್ಕೆ ಕಳೆದುಹೋಯಿತು. ಭಟ್ಟರೇ, ಲಾಭದ ವಿಷಯ ಇನ್ನೊಮ್ಮೆ ಹೇಳಿ?

ಬಲಗಾಲಿನ ಭಟ್ಟ:
ಅಕ್ಕ, ನಾನು ಸದ್ಯಕ್ಕೆ ಬೆಂಚಿನ ಮೇಲೆ ಕೂತಿದ್ದೇನೆ.

ಬಾರ್ಸಾ ಭಕ್ತ:
ಯುವೆಂಟಸ್‌ನವರಿಗೆ ಆ 6–1 ನೆನಪಿದೆಯಾ?

ಡರ್ಹಮ್ ಕನ್ನಡಿಗ:
ಇದೆ. 2009ರಲ್ಲಿ ನೂರು ವರ್ಷ ತುಂಬಿದ ನೆನಪಿಗೆ ವೆಸ್ಟ್ ಆಕ್ಲೆಂಡ್ ಮತ್ತೆ ಟ್ಯೂರಿನ್‌ಗೆ ಹೋಗಿ ಯುವೆಂಟಸ್‌ನ ಯುವ ತಂಡದ ಜೊತೆ ಆಡಿತು. 7–1. ಈ ಸಲ ಗೆದ್ದವರು ಅವರು. ಸೇಡು ತೀರಿಸಿಕೊಳ್ಳೋಕೆ ಅವರಿಗೆ 98 ವರ್ಷ ಬೇಕಾಯಿತು ಅಂತ ಇಲ್ಲಿ ತಮಾಷೆ ಮಾಡುತ್ತಾರೆ.

ಕಡಕ್ ಚಾ:
ಮಗಳು ನ್ಯೂಕ್ಯಾಸಲ್‌ನಲ್ಲಿ ಓದುತ್ತಿದ್ದಾಳೆ. ಸೆಪ್ಟೆಂಬರ್‌ನಲ್ಲಿ ಬರ್ತಿದ್ದೇವೆ. ಒಂದು ಮ್ಯಾಚು ನೋಡಬಹುದಾ? ಟಿಕೆಟ್ ಮುಂಚೆಯೇ ಬುಕ್ ಮಾಡಬೇಕಾ?

ಡರ್ಹಮ್ ಕನ್ನಡಿಗ:
ಬುಕಿಂಗ್ ಏನೂ ಬೇಡ, ಗೇಟಿನಲ್ಲೇ ಸಿಗುತ್ತದೆ. ನ್ಯೂಕ್ಯಾಸಲ್‌ನಿಂದ ಡಾರ್ಲಿಂಗ್ಟನ್‌ಗೆ ರೈಲು, ಅಲ್ಲಿ ಗಾಡಿ ಬದಲಿಸಿ ಶಿಲ್ಡನ್‌ನಲ್ಲಿ ಇಳಿಯಿರಿ. ಬೆಳಗ್ಗೆ ಅಲ್ಲಿನ ರೈಲ್ವೆ ಮ್ಯೂಸಿಯಂ ನೋಡಿ. 1825ರ ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲುದಾರಿ ಈ ಪ್ರದೇಶದ್ದೇ. ಆ ದಾರಿಗೆ ಕಬ್ಬಿಣದ ಸೇತುವೆ ಕಟ್ಟಿದ್ದು ವೆಸ್ಟ್ ಆಕ್ಲೆಂಡ್‌ನ ಗಾನ್‌ಲೆಸ್ ಹೊಳೆಗೆ. ಶನಿವಾರದ ಆಟ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಹೊರಡೋ ಮುಂಚೆ ಆ ವಾರ ಊರಲ್ಲೇ ಆಟ ಇದೆಯಾ ಅಂತ ನೋಡಿಕೊಳ್ಳಿ. ಸೆಪ್ಟೆಂಬರ್ ಅಂತ ಸ್ವೆಟರ್ ಬಿಟ್ಟು ಬರಬೇಡಿ. ಮತ್ತೆ ಚಿಲ್ಲರೆ ಇಟ್ಟುಕೊಳ್ಳಿ, ಚೀಟಿ ಡಬ್ಬಿಯವಳ ಹತ್ತಿರ ಕಾರ್ಡ್ ನಡೆಯಲ್ಲ.

ಕಡಕ್ ಚಾ:
ಆಯ್ತು. ಅಲ್ಲಿ ಕುಡಿಯೋಕೆ ಸಿಗೋ ಚಹಾ ಯಾವ ಬ್ರಾಂಡ್ ಅಂತ ನೋಡಿ ಬಂದು ಹೇಳ್ತೀನಿ.